ಓಲೆಯೂ ಕಟ್ಟೆಯೂ

ನಾಲ್ಕು ಜನ ಕೂಡಿ ಒಂದು ವಿಷಯವನ್ನು ಚರ್ಚಿಸಬೇಕಾದರೆ ನಮ್ಮ ಹಿರಿಯರಿಗೆ ಗೊತ್ತಿದ್ದ ದಾರಿಗಳು ಎರಡು. ಒಂದು, ಊರ ಮುಂದಿನ ಅರಳಿಕಟ್ಟೆಗೆ ಹೋಗಿ ಕೂಡ್ರುವದು. ಇನ್ನೊಂದು, ಓಲೆ ಬರೆದು ಮನೆಮನೆಗೆ ಕಳಿಸುವದು. ಕಟ್ಟೆಗೆ ಜನ ಬರಬೇಕು. ಓಲೆ ಜನರಿದ್ದಲ್ಲಿಗೆ ಹೋಗಬೇಕು. ಮೇಲುನೋಟಕ್ಕೆ ಇದು ಸಣ್ಣ ಭೇದ. ಆದರೆ ಆಡಿದ ಮಾತು ಎಲ್ಲಿ ಉಳಿಯುತ್ತದೆ, ಯಾರ ಕೈಯಲ್ಲಿ ಉಳಿಯುತ್ತದೆ, ತಡವಾಗಿ ಬಂದವನಿಗೆ ಅದು ಸಿಗುತ್ತದೆಯೋ ಇಲ್ಲವೋ ಎಂಬ ದೊಡ್ಡ ಪ್ರಶ್ನೆಗಳೆಲ್ಲ ಈ ಸಣ್ಣ ಭೇದದಿಂದಲೇ ಹುಟ್ಟುತ್ತವೆ. ಕಳೆದ ಐವತ್ತು ವರ್ಷಗಳಿಂದ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ಜನರು ಇವೇ ಪ್ರಶ್ನೆಗಳ ಸುತ್ತ ತಿರುಗುತ್ತ ಬಂದಿದ್ದಾರೆ. ಅವರಲ್ಲಿ ಓಲೆಯ ಹೆಸರು ಮೇಲಿಂಗ್ ಲಿಸ್ಟ್. ಕಟ್ಟೆಯ ಹೆಸರು ಫೋರಂ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಜಮಖಂಡಿ, ಮುಧೋಳ, ಬೀಳಗಿಗಳ ಹಳ್ಳಿಗಳಿಂದ ನನ್ನ ತರಗತಿಗೆ ಬರುವ ಹುಡುಗರಲ್ಲಿ ಕೆಲವರಿಗಾದರೂ ಕನ್ನಡದ ಕೀಲಿಮಣೆ, ಅಕ್ಷರರೂಪ, ನಿಘಂಟುಗಳ ಪ್ರೋಗ್ರಾಮಿನಲ್ಲಿ ಆಸಕ್ತಿಯಿದೆ. ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿಗಂತೂ ಅದು ತೀರ ಪರಕೀಯ ವಿದ್ಯೆಯಲ್ಲ. ರಟ್ಟಿನಲ್ಲಿ ರಂಧ್ರ ಕೊರೆದು, ಆ ರಂಧ್ರಗಳ ಆಜ್ಞೆಯಂತೆ ಎಳೆಗಳನ್ನು ಎತ್ತಿಸುವ ಜಕಾರ್ಡನ ಮಗ್ಗ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು ೧೮೦೪ರ ಸುಮಾರಿಗೆ. ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಕಲೆಯ ಪೂರ್ವಜನೆಂದು ಅದನ್ನೇ ಎಣಿಸುತ್ತಾರೆ. ಈ ಹುಡುಗರು ಅಡ್ಡಿ ಬಂದಾಗ ಮೊಬೈಲಿನ ಗುಂಪಿನಲ್ಲಿ ಪ್ರಶ್ನೆ ಕೇಳುತ್ತಾರೆ. ಅರ್ಧ ತಾಸಿನಲ್ಲಿ ಉತ್ತರ ಬರುತ್ತದೆ. ಮರುವಾರ ಅದೇ ಪ್ರಶ್ನೆಯನ್ನು ಇನ್ನೊಬ್ಬ ಕೇಳುತ್ತಾನೆ. ಮೊದಲಿನ ಉತ್ತರ ಎಲ್ಲಿ ಹೋಯಿತೆಂದು ಯಾರೂ ಹುಡುಕುವದಿಲ್ಲ; ಹುಡುಕಿದರೂ ಸಿಗುವದಿಲ್ಲ. ಈ ಸಂಗತಿಯೇ ನನ್ನನ್ನು ಹಳೆಯ ಕಥೆಯ ಕಡೆಗೆ ತಿರುಗಿಸಿತು.

೧೯೭೧ರಲ್ಲಿ ಅಮೇರಿಕೆಯ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರನು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪತ್ರ ಕಳಿಸಿದನು. ಹೆಸರಿಗೂ ಊರಿಗೂ ನಡುವೆ ಇಂದು ನಾವೆಲ್ಲ ಹಾಕುವ ಸುರುಳಿಯ ಗುರುತು ಅವನ ಆಯ್ಕೆಯೇ. ಒಬ್ಬನಿಗೆ ಕಳಿಸುವ ಪತ್ರವನ್ನು ನೂರು ಜನರಿಗೆ ಕಳಿಸಿದರೇನು ಎಂಬ ವಿಚಾರ ಬೇಗನೆ ಹೊಳೆಯಿತು. ೧೯೭೫ರಲ್ಲಿ ಅರ್ಪಾನೆಟ್ಟಿನಲ್ಲಿ ‘ಮೆಸೇಜ್ ಗ್ರೂಪ್’ ಎಂಬ ಪಟ್ಟಿ ಪ್ರಾರಂಭವಾಯಿತು. ಅದರ ಚರ್ಚೆಯ ವಿಷಯ ಏನೆಂದರೆ ಪತ್ರ ಹೇಗಿರಬೇಕೆಂಬುದೇ! ಮೊದಮೊದಲು ಇಂಥ ಪಟ್ಟಿಗಳನ್ನು ಒಬ್ಬ ಮನುಷ್ಯನೇ ಕೂತು ನೋಡಿಕೊಳ್ಳಬೇಕಾಗುತ್ತಿತ್ತು. ೧೯೮೬ರಲ್ಲಿ ಎರಿಕ್ ತೋಮಾ ಎಂಬ ತರುಣನು ಲಿಸ್ಟ್‌ಸರ್ವ್ ಎಂಬ ಪ್ರೋಗ್ರಾಮು ಬರೆದು ಆ ಚಾಕರಿಯನ್ನು ಯಂತ್ರಕ್ಕೆ ಒಪ್ಪಿಸಿದನು.

ಕಟ್ಟೆಯೂ ಅದೇ ದಶಕದ ಕೂಸು. ೧೯೭೮ರ ಚಳಿಗಾಲದಲ್ಲಿ ಶಿಕಾಗೋ ನಗರ ಹಿಮಪಾತದಲ್ಲಿ ಹೂತುಹೋಗಿದ್ದಾಗ, ಮನೆ ಬಿಟ್ಟು ಹೊರಡಲಾಗದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಗೆಳೆಯರು ತಮ್ಮ ಗಣಕ ಸಂಘದ ಸೂಚನಾಫಲಕವನ್ನು ಯಂತ್ರದೊಳಗೇ ಕಟ್ಟಿದರು. ಟೆಲಿಫೋನ್ ತಂತಿಯ ಮೂಲಕ ಅದನ್ನು ತಲುಪಿ, ಇದ್ದದ್ದನ್ನು ಓದಿ, ತನ್ನದನ್ನು ಬರೆದು ಬರಬಹುದಾಗಿತ್ತು. ತಂತಿ ಒಂದೇ ಆದದ್ದರಿಂದ ಒಂದು ಹೊತ್ತಿಗೆ ಒಬ್ಬನೇ ಕಟ್ಟೆಯೇರಬೇಕು. ಉಳಿದವರು ಸರದಿ ಕಾಯಬೇಕು. ಇಂದಿನ ಫೋರಂಗಳೆಲ್ಲ ಆ ಫಲಕದ ಮೊಮ್ಮಕ್ಕಳು.

ಇವೆರಡರ ನಡುವಿನ ಒಂದು ರೂಪ ಯೂಸ್‌ನೆಟ್. ೧೯೭೯-೮೦ರಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ಪ್ರಾರಂಭಿಸಿದ ಇದರಲ್ಲಿ ಓದುವ ರೀತಿ ಕಟ್ಟೆಯದು, ಹಂಚುವ ರೀತಿ ಓಲೆಯದು. ಒಂದೊಂದು ಯಂತ್ರದಲ್ಲಿಯೂ ಒಂದೊಂದು ಪ್ರತಿ. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ತನ್ನ ಹೊಸ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ೧೯೯೧ರ ಆಗಸ್ಟ್ ೨೫ರಂದು ಮೊದಲು ಸಾರಿದ್ದು ಇಲ್ಲಿಯೇ. ಪರದೇಶದ ಕನ್ನಡಿಗರೂ ಯೂಸ್‌ನೆಟ್ಟಿನಲ್ಲಿ ಕರ್ನಾಟಕದ ಹೆಸರಿನದೊಂದು ಗುಂಪು ಕಟ್ಟಿಕೊಂಡರು. ಆದರೆ ಆ ತಂತಿಯಲ್ಲಿ ಹರಿಯಬಲ್ಲದ್ದು ರೋಮನ್ ಲಿಪಿ ಮಾತ್ರ. ತಾಯ್ನುಡಿಯನ್ನು ಪರರ ಲಿಪಿಯಲ್ಲಿ ಬರೆದು, ಹ್ರಸ್ವ ದೀರ್ಘಗಳನ್ನು ಊಹಿಸಿಕೊಂಡು ಓದುವ ಕಾಲ ಅದು. ನಮ್ಮ ದೇಶದ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದೇ ೧೯೯೫ರ ಆಗಸ್ಟ್ ೧೫ರಿಂದ.

ಇಲ್ಲಿ ನಮ್ಮ ಅಕ್ಷರದ ಕಥೆ ಪ್ರಾರಂಭವಾಗುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿ ಇರಲೆಂದು ಹುಟ್ಟಿದ ಯೂನಿಕೋಡಿನ ಮೊದಲ ಆವೃತ್ತಿ ೧೯೯೧ರಲ್ಲಿ ಬಂದಿತು; ಅದರಲ್ಲಿ ಕನ್ನಡಕ್ಕೂ ೧೨೮ ಮನೆಗಳ ಒಂದು ಓಣಿ ದೊರೆಯಿತು. ಆದರೆ ಕನ್ನಡದ ಮುದ್ರಣದಲ್ಲಿ ಅನೇಕ ವರ್ಷ ನಡೆದದ್ದು ಬೇರೆ ಬೇರೆ ತಂತ್ರಾಂಶಗಳ ಬೇರೆ ಬೇರೆ ಸಂಕೇತಗಳು. ಒಂದರಲ್ಲಿ ಬರೆದ ಲೇಖನ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವುಗಳಿಂದ ಕನ್ನಡ ಟೈಪು ಮಾಡುವದು ಮನೆಮಾತಾಯಿತು.

ಈ ಕೆಲಸದಲ್ಲಿ ತೊಡಗಿದವನು ಎಂಥೆಂಥ ಸೂಕ್ಷ್ಮಗಳನ್ನು ಬಲ್ಲವನಾಗಿರಬೇಕೆಂಬುದಕ್ಕೆ ಒಂದೇ ಉದಾಹರಣೆ ಸಾಕು. ‘ಸೂರ್ಯ’ ಎಂದು ಬರೆಯುವಾಗ ರಕಾರಕ್ಕೆ ಹಲಂತ, ಅದರ ಮುಂದೆ ಯಕಾರ ಒತ್ತಿದರೆ ತಾನಾಗಿಯೇ ಅರ್ಕಾವೊತ್ತು ಬರುತ್ತದೆ. ಆದರೆ ‘ರ‍್ಯಾಂಕ್’ ಎಂದು ಬರೆಯಬೇಕಾದವನು ಏನು ಮಾಡಬೇಕು? ರಕಾರದ ಬಳಿಕ, ಹಲಂತಕ್ಕಿಂತ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಇಡಬೇಕು. ಇದನ್ನು ವ್ಯಾಕರಣ ಬಲ್ಲವನೂ ಊಹಿಸಲಾರ, ಯಂತ್ರ ಬಲ್ಲವನೂ ಊಹಿಸಲಾರ, ತಿಳಿದವರು ಹೇಳಬೇಕು. ಒಬ್ಬ ಕೇಳಿದ ಪ್ರಶ್ನೆ, ಒಬ್ಬ ಕೊಟ್ಟ ಉತ್ತರ. ಬೇಕಾಗುವದು ಸಾವಿರ ಜನಕ್ಕೆ. ಅದನ್ನು ಎಲ್ಲಿ ಹೇಳಿದರು ಎಂಬುದು ಏಕೆ ಮಹತ್ವದ್ದೆಂದು ಇದರಿಂದ ತಿಳಿದೀತು.

ಇನ್ನೊಂದು ಉದಾಹರಣೆ ನಮ್ಮ ನೆಲಕ್ಕೆ ಹತ್ತಿರದ್ದು. ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ, ಹುಟ್ಟಿದವನು ಕವಿ ರನ್ನ. ಹಳಗನ್ನಡದ ೞ ಅಕ್ಷರವನ್ನು ಅರಿಯದೆ ಅವನ ಕಾಲದ ಕಾವ್ಯವನ್ನು ಸರಿಯಾಗಿ ಅಚ್ಚು ಹಾಕುವಂತಿಲ್ಲ. ರಳ, ಕುಳ, ಕ್ಷಳಗಳೆಂದು ಕೇಶಿರಾಜ ಬೇರ್ಪಡಿಸಿ ಹೇಳಿದ ಆ ಅಕ್ಷರಗಳಲ್ಲಿ ರಳವೇ ಇದು. ಯೂನಿಕೋಡಿನಲ್ಲಿ ಇದಕ್ಕೆ ಮನೆಯಿದೆ, ರೂಪವಿದೆ; ಆದರೆ ಬಾಗಿಲ ಮೇಲಿನ ಹೆಸರು ಮಾತ್ರ ‘ಫ’ ಎಂಬರ್ಥದ್ದು! ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಮಗ್ಗುಲಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಲಾಗಿದೆ. ಅಕ್ಷರ ಬಲ್ಲವರೂ ಯಂತ್ರ ಬಲ್ಲವರೂ ಒಂದೇ ಮಾತುಕತೆಯಲ್ಲಿ, ತೀರ್ಮಾನಕ್ಕೆ ಮೊದಲೇ, ಕೂಡಿರಬೇಕೆಂಬ ಪಾಠ ಇದರಲ್ಲಿದೆ.

ಹಾಗಾದರೆ ಓಲೆ ಮೇಲೋ, ಕಟ್ಟೆ ಮೇಲೋ? ಓಲೆಯ ಗುಣ ಮೊದಲು ಹೇಳುತ್ತೇನೆ. ರನ್ನನ ಆಶ್ರಯದಾತೆ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಸಾವಿರ ಕೈಗಳಲ್ಲಿರುವದನ್ನು ಒಂದು ಬೆಂಕಿ ಸುಡಲಾರದು, ಒಂದು ನೆರೆ ಒಯ್ಯಲಾರದು. ಮೇಲಿಂಗ್ ಲಿಸ್ಟಿನ ಬಲವೂ ಇದೇ. ಯಾಹೂ ಕಂಪನಿಯು ತನ್ನ ‘ಗ್ರೂಪ್ಸ್’ ವ್ಯವಸ್ಥೆಯ ಹಳೆಯ ಬರಹಗಳನ್ನು ೨೦೧೯ರ ಕೊನೆಗೆ ಅಳಿಸಲು ತೊಡಗಿ, ೨೦೨೦ರ ಡಿಸೆಂಬರ ೧೫ಕ್ಕೆ ಬಾಗಿಲನ್ನೇ ಮುಚ್ಚಿತು. ಆಗ ಜಾಲತಾಣಕ್ಕೆ ಹೋಗಿ ಓದುತ್ತಿದ್ದವರಿಗೆ ಏನೂ ಉಳಿಯಲಿಲ್ಲ. ಪತ್ರವಾಗಿ ತರಿಸಿಕೊಂಡವರ ಪೆಟ್ಟಿಗೆಗಳಲ್ಲಿ ಅವು ಉಳಿದವು. ಅದಕ್ಕೂ ಮೊದಲು, ೨೦೧೪ರ ಸೆಪ್ಟೆಂಬರ ೩೦ರಂದು ಆರ್ಕುಟ್ ಮುಚ್ಚಿದಾಗಲೂ ಅನೇಕ ಸಮುದಾಯಗಳ ಕಟ್ಟೆಗಳು ಒಂದೇ ದಿನದಲ್ಲಿ ಕಳಚಿಬಿದ್ದವು.

ಕಟ್ಟೆ ಮುಳುಗುವದೆಂದರೇನೆಂದು ಬೀಳಗಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಆಲಮಟ್ಟಿಯ ಜಲಾಶಯದಲ್ಲಿ ೫೧೯.೬ ಮೀಟರಿನವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ ೨೦೦೦ದಲ್ಲಿ ಒಪ್ಪಿತು. ಕೃಷ್ಣೆ, ಘಟಪ್ರಭೆಗಳ ಹಿನ್ನೀರು ಏರಿದಂತೆ ಆ ತಾಲೂಕಿನ ಹಲವು ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ನಡೆದವು. ಬಾಗಿಲು, ಕಂಬ, ಕಾಗದಪತ್ರಗಳನ್ನು ಹೇರಿಕೊಂಡು ಹೋಗಬಹುದು. ಕಟ್ಟೆಯನ್ನು ಹೇರಿಕೊಂಡು ಹೋಗುವದು ಹೇಗೆ? ನೀರಿಗೆ ಕಾರಣವಿತ್ತು, ನೋಟೀಸಿತ್ತು, ಪರಿಹಾರದ ಲೆಕ್ಕವಿತ್ತು. ಜಾಲದ ಕಟ್ಟೆ ಮುಳುಗಿದರೆ ಪರಿಹಾರವನ್ನು ಕೇಳುವ ಕಚೇರಿಯೂ ಇಲ್ಲ.

ಆದರೆ ಓಲೆಯ ದೋಷಗಳನ್ನು ಮುಚ್ಚಿಡುವದು ನ್ಯಾಯವಲ್ಲ. ಪಟ್ಟಿಗೆ ಇಂದು ಸೇರಿದವನಿಗೆ ನಿನ್ನೆಯ ಪತ್ರ ಬರುವದಿಲ್ಲ. ಕಳಿಸಿದ ಪತ್ರದಲ್ಲಿ ತಪ್ಪಿದ್ದರೆ ತಿದ್ದಲಾಗುವದಿಲ್ಲ. ಜಗಳ ಹತ್ತಿದರೆ ಅದು ಎಲ್ಲರ ಮನೆಯ ಪಡಸಾಲೆಗೂ ಬರುತ್ತದೆ. ಪೈಥಾನ್ ಎಂಬ ಗಣಕಭಾಷೆಯ ಸಮುದಾಯದಲ್ಲಿ ೨೦೧೮ರಲ್ಲಿ ಒಂದೇ ಒಂದು ಹೊಸ ಚಿಹ್ನೆಯ ವಿಷಯವಾಗಿ ನೂರಾರು ಪತ್ರಗಳು ಓಡಾಡಿ, ಕೊನೆಗೆ ಆ ಭಾಷೆಯ ಜನಕ ಗೀಡೋ ವಾನ್ ರಾಸಮ್ ಬೇಸತ್ತು ಜುಲೈ ೧೨ರಂದು ಮುಖ್ಯಸ್ಥಾನವನ್ನೇ ಬಿಟ್ಟುಕೊಟ್ಟನು. ಮುಂದೆ ೨೦೨೨ರ ಸುಮಾರಿಗೆ ಆ ಸಮುದಾಯದ ಮುಖ್ಯ ಚರ್ಚೆಗಳು ಓಲೆಯಿಂದ ಕಟ್ಟೆಗೆ ಏರಿದವು. ೨೦೦೮ರಲ್ಲಿ ಬಂದ ಸ್ಟ್ಯಾಕ್ ಓವರ್‌ಫ್ಲೋ ತಾಣವಂತೂ ಒಬ್ಬನ ಪ್ರಶ್ನೆಗೆ ಬಂದ ಒಳ್ಳೆಯ ಉತ್ತರವನ್ನು ಮೇಲಕ್ಕೆ ಏರಿಸಿ, ಲಕ್ಷಾಂತರ ಜನ ಕೇಳದೆಯೇ ಓದುವಂತೆ ಮಾಡಿತು. ಬೆಂಗಳೂರು ಕಾಣದ ಹುಡುಗನೂ ಯಾರ ಪರಿಚಯವಿಲ್ಲದೆ ಕಟ್ಟೆಯ ಅಂಚಿಗೆ ನಿಂತು ಕಲಿಯಬಹುದು. ಇದು ಸಣ್ಣ ಉಪಕಾರವಲ್ಲ.

ಹೀಗಿರುವಾಗ ಜಾಣರು ಎರಡನ್ನೂ ಕೂಡಿಸಿದ್ದಾರೆ. ಲಿನಕ್ಸ್ ಕಟ್ಟುವವರು ಇಂದಿಗೂ ಪತ್ರದ ಮೂಲಕವೇ ತಿದ್ದುಪಡಿಗಳನ್ನು ಕಳಿಸುತ್ತಾರೆ. ಆದರೆ ಆ ಪತ್ರಗಳೆಲ್ಲ ಒಂದು ಬಹಿರಂಗ ಭಂಡಾರದಲ್ಲಿ ಓದಲು ಸಿಗುತ್ತವೆ, ಬೇಕಾದವನು ಇಡೀ ಭಂಡಾರದ ಪ್ರತಿಯನ್ನೇ ತನ್ನ ಯಂತ್ರಕ್ಕೆ ಇಳಿಸಿಕೊಳ್ಳಬಹುದು. ೨೦೦೩ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯದವರು ತಮ್ಮ ಚರ್ಚೆಯ ಪುಟಕ್ಕೆ ಇಟ್ಟುಕೊಂಡ ಹೆಸರೇ ‘ಅರಳಿ ಕಟ್ಟೆ’. ಅಲ್ಲಿ ಬರೆದದ್ದು ಮುಕ್ತ ಪರವಾನಗಿಯಲ್ಲಿದ್ದು, ಯಾರು ಬೇಕಾದರೂ ನಕಲು ಮಾಡಿಟ್ಟುಕೊಳ್ಳಬಹುದು. ಹೆಸರಿಗೆ ಕಟ್ಟೆ, ನಡತೆಯಲ್ಲಿ ಅತ್ತಿಮಬ್ಬೆಯ ಪ್ರತಿ.

ಇವೆರಡರ ಗುಣವೂ ಇಲ್ಲದ್ದು ಇಂದಿನ ಮೊಬೈಲಿನ ಗುಂಪು. ಅದು ಕಟ್ಟೆಯಂತೆ ಹೊರಗಿನವನಿಗೆ ತೆರೆದಿಲ್ಲ. ಓಲೆಯಂತೆ ಕಟ್ಟಿಡಲು ಬರುವದಿಲ್ಲ. ಫೋನು ಕೆಟ್ಟ ದಿನ ವಿದ್ಯೆಯೂ ಕೆಟ್ಟಂತೆ. ಅವಸರದ ಮಾತಿಗೆ ಅದು ಇರಲಿ, ಬೇಡವೆನ್ನುವದಿಲ್ಲ. ಆದರೆ ಕನ್ನಡದ ಅಕ್ಷರ, ಕಾಗುಣಿತ, ಪದಗಳನ್ನು ಕುರಿತ ಪ್ರಶ್ನೋತ್ತರಗಳು ಗಾಳಿಗೆ ತೂರಿದ ಹೊಟ್ಟಿನಂತಾಗಬಾರದು. ಇಂಗ್ಲಿಷಿನಲ್ಲಿ ಒಂದು ಉತ್ತರ ಕಳೆದರೆ ಹತ್ತು ಕಡೆ ಹತ್ತು ಉತ್ತರಗಳಿರುತ್ತವೆ. ನಮ್ಮ ನುಡಿಯಲ್ಲಿ ಈ ಕೆಲಸ ಬಲ್ಲವರು ಎಣಿಕೆಯ ಜನ. ಅವರು ಒಮ್ಮೆ ಹೇಳಿದ್ದು ಕಳೆದರೆ ಮತ್ತೆ ಹೇಳುವವರು ಸಿಕ್ಕೇ ಸಿಗುತ್ತಾರೆಂಬ ಭರವಸೆಯಿಲ್ಲ.

ನಮ್ಮ ಕಾಲೇಜುಗಳ ಕನ್ನಡ ವಿಭಾಗವೂ ಗಣಕ ವಿಭಾಗವೂ ಈ ಕೆಲಸಕ್ಕೆ ಕೂಡಿ ನಿಲ್ಲಬಹುದು. ಹುಡುಗರು ಕಟ್ಟೆಯ ಮೇಲೆ ಬಹಿರಂಗವಾಗಿ ಕೇಳಲಿ, ಕನ್ನಡದಲ್ಲಿಯೇ ಕೇಳಲಿ. ಬಂದ ಉತ್ತರದ ಪ್ರತಿಯನ್ನು ಪ್ರತಿಯೊಂದು ಕಾಲೇಜೂ ತನ್ನಲ್ಲಿ ಇಟ್ಟುಕೊಳ್ಳಲಿ. ಇದಕ್ಕೆ ಬೇಕಾದ ಖರ್ಚು ಅಲ್ಪ, ಬೇಕಾದ ಶಿಸ್ತು ಮಾತ್ರ ದೊಡ್ಡದು. ಸಾವಿರ ಪ್ರತಿಗಳನ್ನು ಕೈಯಿಂದಲೇ ಬರೆಸಿದ ನಾಡಿನವರಿಗೆ ಒಂದು ಗುಂಡಿ ಒತ್ತಿ ಪ್ರತಿ ಮಾಡುವದು ಭಾರವಾಗಬಾರದು.