ಹಲಗಲಿಯ ಹಾಡು ಮರೆಯದ ಉಪ್ಪು, ಬೆಲ್ಲ

ಬೆಲ್ಲ, ಜೀರಿಗೆ, ಉಪ್ಪು, ಅರಿಷಿಣ, ಎಣ್ಣೆ, ಅಕ್ಕಿ. ಇದು ಸಂತೆಗೆ ಹೊರಟವರ ಚೀಟಿ ಅಲ್ಲ. 1857ರಲ್ಲಿ ನಮ್ಮ ಮುಧೋಳ ತಾಲೂಕಿನ ಹಲಗಲಿಯನ್ನು ಇಂಗ್ಲಿಷರ ದಂಡು ಸುಲಿದಾಗ ಊರವರು ಕಳೆದುಕೊಂಡ ಸಾಮಾನು. ಇದನ್ನು ನಮಗೆ ಉಳಿಸಿಕೊಟ್ಟದ್ದು ಯಾವ ಕಚೇರಿಯ ಗುಮಾಸ್ತನೂ ಅಲ್ಲ, ಲಾವಣಿ ಕಟ್ಟಿದ ಹಾಡುಗಾರ.

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ‘ಹಲಗಲಿ ಬೇಡರು’ ಓದಿದವರಿಗೆ ಕತೆ ಗೊತ್ತು. (ಪರೀಕ್ಷೆಗೆ ಬಾಯಿಪಾಠ ಮಾಡಿ, ಮರುದಿನವೇ ಮರೆತವರೂ ನಮ್ಮಲ್ಲಿ ಇದ್ದೀರಿ!) ಉತ್ತರದ ಕಡೆ ಸಿಪಾಯಿಗಳು ತಿರುಗಿಬಿದ್ದಾಗ, ಜನರ ಕೈಯಲ್ಲಿ ಹತ್ಯಾರ ಇರಬಾರದೆಂದು ಕಂಪನಿ ಸರ್ಕಾರ ಕಾಯ್ದೆ ತಂದಿತು. ಬೇಡರಿಗೆ ಹತ್ಯಾರ ಕೊಡುವುದೆಂದರೆ ಮಾನ ಕೊಟ್ಟಂತೆ. ಜಡಗ, ಬಾಲ, ರಾಮ, ಪೂಜೇರಿ ಹನುಮ ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಸುಮಾರು 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು.

ಸೋಜಿಗ ಏನೆಂದರೆ, ಈ ಹಾಡನ್ನು ಹುಡುಕಿ ಕಾಗದಕ್ಕೆ ಇಳಿಸಿದವರು ಇಂಗ್ಲಿಷ್ ಅಧಿಕಾರಿಯೇ! ಹೆಸರು ಜಾನ್ ಫೇತ್‌ಫುಲ್ ಫ್ಲೀಟ್. ಕನ್ನಡ ನಾಡಿನ ಶಾಸನಗಳನ್ನು ಓದಿದ ದೊಡ್ಡ ವಿದ್ವಾಂಸರು. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಲಾವಣಿಗಳನ್ನು ಅಚ್ಚು ಹಾಕಿಸಿದರು. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇದೆ, ಸಂಗ್ಯಾನ ಕೊಲೆಯ ಲಾವಣಿ ಇದೆ, ಆದಾಯ ತೆರಿಗೆಯ ಕಾಟದ ಮೇಲೂ ಒಂದು ಲಾವಣಿ ಇದೆ. ತೆರಿಗೆ ಕಟ್ಟುವ ಸಂಕಟ ಆಗಲೂ ಹಾಡಾಗಿತ್ತು ನೋಡಿ.

ಹಲಗಲಿಯ ಹಾಡಿನಲ್ಲಿ ಕಂಪನಿ ‘ಕುಂಪಣಿ’ ಆಗಿದೆ, ಹ್ಯಾವ್‌ಲಾಕ್ ಎಂಬ ಹೆಸರು ‘ಹೆಬಲಕ’ ಆಗಿದೆ. ಇದು ನಮ್ಮವರಿಗೆ ಮಾತ್ರ ಆಗುವಂಥದ್ದಲ್ಲ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ ತಮ್ಮ ಊರಿನವರಿಗೆ ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಸಿದರು. ಅವರಿಗೆ ಪರಿಚಯವಿಲ್ಲದ ‘ಕನೂ’ ಬದಲಾಗಿ ಬರೀ ‘ದೋಣಿ’ ಆಯಿತು. ಗೊತ್ತಿಲ್ಲದ್ದನ್ನು ಮನಸ್ಸು ಗೊತ್ತಿರುವುದರ ಕಡೆಗೆ ಎಳೆದುಕೊಳ್ಳುತ್ತದೆ ಎಂದು 1932ರ ಪುಸ್ತಕದಲ್ಲಿ ಅವರು ಬರೆದರು.

ಹಾಗಾದರೆ ಇಷ್ಟು ಉದ್ದದ ಸಾಮಾನಿನ ಪಟ್ಟಿ ಹಾಡಿನಲ್ಲಿ ಹೇಗೆ ನಿಂತಿತು? ಅಮೆರಿಕದ ಡೇವಿಡ್ ರೂಬಿನ್ ಬಾಯಿಂದ ಬಾಯಿಗೆ ಬಂದ ಹಾಡುಗಳ ಮೇಲೆ 1995ರಲ್ಲಿ ಒಂದು ಪುಸ್ತಕ ತಂದರು. ತಾಳ, ಪ್ರಾಸ, ಕಣ್ಣಿಗೆ ಕಟ್ಟುವ ಚಿತ್ರ ಮೂರೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಒಂದು ಪದ ಜಾರಿದರೆ ತಾಳವೇ ತಪ್ಪಿ ಹಾಡುವವನಿಗೆ ಗೊತ್ತಾಗುತ್ತದೆ. ಡಪ್ಪು ಹಿಡಿದ ಗೀಗೀ ಮೇಳದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮೇಲಾಗಿ ಉಪ್ಪು, ಬೆಲ್ಲ ಯಾರ ಮನೆಯಲ್ಲಿ ಇಲ್ಲ? ಸಾಹೇಬರ ಹೆಸರು ತಿರುಚಿಹೋಯಿತು, ಅಡುಗೆಮನೆ ತಿರುಚಲಿಲ್ಲ.

ಆ ಪಟ್ಟಿಯಲ್ಲಿ ಗಂಗಾಳ, ಚರಿಗೆ ಇವೆ, ಮಂಗಳಸೂತ್ರವೂ ಬೀಸುಕಲ್ಲೂ ಇವೆ. ಬೀಸುಕಲ್ಲನ್ನು ಒಯ್ದು ದಂಡಿನವರು ಏನು ಮಾಡಿಯಾರು? ಆದರೆ ಅದು ಹೋದ ಮನೆಯಲ್ಲಿ ಮರುದಿನ ರೊಟ್ಟಿ ಇಲ್ಲ.

ಹಾಡು ಕಟ್ಟಿದವನು ತನ್ನ ಹೆಸರು ಹೇಳುವುದಿಲ್ಲ, ಕೊನೆಗೆ ತನ್ನ ದೇವರು ಕುರ್ತಕೋಟಿಯ ಕಲ್ಮೇಶನನ್ನು ನೆನೆಯುತ್ತಾನೆ. ಕುರ್ತಕೋಟಿ ಇರುವುದು ಗದಗ ತಾಲೂಕಿನಲ್ಲಿ. ಅಷ್ಟು ದೂರದವನಿಗೆ ಹಲಗಲಿಯ ಬೀಸುಕಲ್ಲಿನ ಸುದ್ದಿ ಮುಟ್ಟಿಸಿದವರು ಯಾರಿರಬಹುದು?