ದಾರ ಬತ್ತಿಯಾದಾಗ: ಡಾಲ್ಕನ್ ಶೀಲ್ಡ್ ಕಥೆ

ಕಾಪರ್ ಟಿಗೆ ನಮ್ಮ ಕಡೆ ವಂಕಿ ಅಂತಾರೆ. ಆಶಾ ಕಾರ್ಯಕರ್ತೆ ಅದರ ಮಾತೆತ್ತಿದರೆ ಹೆಂಗಸರು ಮೊದಲು ಕೇಳುವುದು, ‘ಒಳಗೆ ಏನಾದರೂ ತೊಂದರೆ ಆದರೆ ಯಾರು ಹೊಣೆ?’ ಅಂತ. ಐವತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಅಮೆರಿಕದಲ್ಲಿ ಕೋರ್ಟು ಮೆಟ್ಟಿಲು ಹತ್ತಿತ್ತು.

ಅಲ್ಲಿನ ಆ ವಂಕಿಯ ಹೆಸರು ಡಾಲ್ಕನ್ ಶೀಲ್ಡ್. ಎರಡೂ ಬದಿಗೆ ಏಡಿಯಂತೆ ಕಾಲುಗಳಿದ್ದ ಪ್ಲಾಸ್ಟಿಕ್ ತುಂಡು. ಎ.ಎಚ್. ರಾಬಿನ್ಸ್ ಎಂಬ ಔಷಧ ಕಂಪನಿ 1970ರಲ್ಲಿ ಅದರ ಹಕ್ಕು ಕೊಂಡು, 1971ರಿಂದ ಮಾರತೊಡಗಿತು. ಇದು ನಂಬಿಕಸ್ಥ ವಂಕಿ ಎಂದು ಬರೆದ ಡಾ. ಹ್ಯೂ ಡೇವಿಸ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ಅದರ ಲಾಭದಲ್ಲಿ ಅವರಿಗೂ ಪಾಲಿತ್ತು. ಹೊಸ ಔಷಧಿ ಮಾರಲು ಸರ್ಕಾರದ ಒಪ್ಪಿಗೆ ಬೇಕಿದ್ದ ಆ ದೇಶದಲ್ಲಿ ಇಂಥ ಉಪಕರಣಕ್ಕೆ ಆಗ ಬೇಕಿರಲಿಲ್ಲ. ಅಮೆರಿಕದಲ್ಲೇ 20 ಲಕ್ಷಕ್ಕೂ ಹೆಚ್ಚು ಹೆಂಗಸರು ಹಾಕಿಸಿಕೊಂಡರು. ಹೊರದೇಶಗಳಿಗೂ ಹೋಯಿತು.

ದೋಷ ಇದ್ದದ್ದು ದಾರದಲ್ಲಿ. ವಂಕಿ ಜಾಗದಲ್ಲಿದೆಯೇ ಎಂದು ನೋಡಲು, ಬೇಡವಾದಾಗ ತೆಗೆಯಲು ದಾರ ಬಿಟ್ಟಿರುತ್ತಾರೆ. ಬೇರೆ ವಂಕಿಗಳಲ್ಲಿ ಅದು ಒಂಟಿ ಎಳೆ. ಇದರಲ್ಲಿ ನೂರಾರು ಸಣ್ಣ ಎಳೆಗಳನ್ನು ನೈಲಾನ್ ಕವಚದೊಳಗೆ ತುಂಬಿದ್ದರು, ತುದಿ ಮುಚ್ಚಿರಲಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ದಾರ ಕೆಳಗಿನ ರೋಗಾಣುಗಳನ್ನು ಗರ್ಭಕೋಶಕ್ಕೆ ಏರಿಸುತ್ತಿತ್ತು. ಸೋಂಕು, ಬಂಜೆತನ, ನಂಜೇರಿ ಗರ್ಭಪಾತ. ಕೆಲವರು ಜೀವವನ್ನೇ ಕಳೆದುಕೊಂಡರು.

ಕಂಪನಿಯದೇ ಗುಣಮಟ್ಟ ಮೇಲ್ವಿಚಾರಕರೊಬ್ಬರು 1971ರಲ್ಲೇ ದಾರದ ಬಗ್ಗೆ ಎಚ್ಚರಿಸಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು. ಒಳಗಿರುವುದನ್ನು ನಮ್ಮ ಖರ್ಚಿನಲ್ಲಿ ತೆಗೆಸಿಕೊಳ್ಳಿ ಎಂದು ಕಂಪನಿ ಜಾಹೀರಾತು ಕೊಟ್ಟದ್ದು ಮಾತ್ರ 1984ರಲ್ಲಿ.

ಹೆಂಗಸರು ದಾವೆ ಹೂಡಿದರು. ಕಂಪನಿಯ ವಕೀಲರು ಅವರ ಖಾಸಗಿ ಬದುಕನ್ನೇ ಕೆದಕಿ ಪ್ರಶ್ನೆ ಕೇಳಿದರು. ನಾಚಿಕೆಗೆ ಅಂಜಿ ಹಿಂದೆ ಸರಿಯಲಿ ಅಂತ. 1984ರ ಫೆಬ್ರವರಿಯಲ್ಲಿ ಮಿನ್ನೆಸೋಟದ ನ್ಯಾಯಾಧೀಶ ಮೈಲ್ಸ್ ಲಾರ್ಡ್ ಕಂಪನಿಯ ದೊಡ್ಡವರನ್ನು ಎದುರಿಗೆ ಕರೆಸಿ ಛೀಮಾರಿ ಹಾಕಿದರು. ಮೇಲಿನ ಕೋರ್ಟು ಆ ಛೀಮಾರಿಯನ್ನು ದಾಖಲೆಯಿಂದ ತೆಗೆಸಿತು. ಆದರೆ ಅದೇ ವರ್ಷ ಕಂಪನಿಯ ಮಾಜಿ ವಕೀಲರೊಬ್ಬರು, ಕಾಗದಪತ್ರ ಸುಡಿಸಲಾಗಿತ್ತು ಎಂದು ಪ್ರಮಾಣ ಮಾಡಿ ಹೇಳಿದರು.

1985ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಡುವಿನೊಳಗೆ ಬಂದ ದೂರು 3 ಲಕ್ಷಕ್ಕೂ ಹೆಚ್ಚು. ಪರಿಹಾರಕ್ಕೆ ಕೋರ್ಟು ಗೊತ್ತುಮಾಡಿದ ಮೊತ್ತ ಸುಮಾರು 247 ಕೋಟಿ ಡಾಲರ್. ಕೇಳಲು ದೊಡ್ಡದು. ಆದರೆ ದಾಖಲೆ ತೋರಿಸದೆ ಬೇಗ ಮುಗಿಸಿಕೊಂಡವರಿಗೆ ಸಿಕ್ಕಿದ್ದು ಹೆಚ್ಚೆಂದರೆ 725 ಡಾಲರ್. ಹೆಚ್ಚು ಬೇಕೆಂದರೆ ಆಸ್ಪತ್ರೆಯ ದಾಖಲೆ ಬೇಕಿತ್ತು.

ಈ ಹೆಂಗಸರ ನೋವಿನಿಂದ ಒಂದು ಕಾನೂನೂ ಬಂತು. 1976ರಿಂದ ಅಮೆರಿಕದಲ್ಲಿ ಅಪಾಯ ಹೆಚ್ಚಿರುವ ಉಪಕರಣಗಳು ಮಾರುಕಟ್ಟೆಗೆ ಬರುವ ಮುಂಚೆ ಸುರಕ್ಷಿತವೆಂದು ತೋರಿಸಬೇಕಾಯಿತು.

ಇವತ್ತಿನ ಕಾಪರ್ ಟಿ ದಾರ ಒಂಟಿ ಎಳೆಯದು. ಆ ಹಳೆಯ ಕಥೆ ಕೇಳಿ ಇದಕ್ಕೆ ಹೆದರಬೇಕಿಲ್ಲ. ಮೈಯೊಳಗೆ ಏನೇ ಹಾಕಿಸಿಕೊಂಡರೂ, ವಂಕಿಯಾಗಲಿ, ಮೊಣಕಾಲಿನ ಕೀಲಾಗಲಿ, ಹೃದಯದ ಸ್ಟೆಂಟಾಗಲಿ, ಅದರ ಹೆಸರು, ನಂಬರು, ತಾರೀಖು ಇರುವ ಚೀಟಿ ಕೇಳಿ ಪಡೆಯಿರಿ. ರೇಷನ್ ಕಾರ್ಡಿನ ಜೊತೆ ಇಡಿ.