ಸೂರಂಜಾನ್: ಹಕೀಮರ ಗಡ್ಡೆಯ ಕಥೆ

ಹಕೀಮರ ಔಷಧಿಯ ಮಾತು ಬಂದಾಗ ನಾವು ಎರಡು ಗುಂಪಾಗುತ್ತೇವೆ. ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು ಎನ್ನುವವರು ಕೆಲವರು. ಅದೆಲ್ಲ ಬರೀ ನಂಬಿಕೆ ಎನ್ನುವವರು ಹಲವರು. ಸೂರಂಜಾನ್ ಎಂಬ ಗಡ್ಡೆಯ ಚರಿತ್ರೆ ಓದಿದರೆ ಇಬ್ಬರೂ ಸ್ವಲ್ಪ ತಡೆದು ಮಾತನಾಡಬೇಕಾಗುತ್ತದೆ.

6ನೇ ಶತಮಾನದ ಗ್ರೀಕ್ ವೈದ್ಯ, ಟ್ರಾಲೆಸ್‌ನ ಅಲೆಕ್ಸಾಂಡರ್, ಗೌಟ್ ಎಂಬ ಕೀಲುನೋವಿಗೆ ಇಂಥದೇ ಗಡ್ಡೆಯನ್ನು ಕೊಡುತ್ತಿದ್ದ. ಉರ್ದುವಿನಲ್ಲಿ ನಾವು ನಿಕ್ರಿಸ್ ಎನ್ನುವ ಕಾಯಿಲೆ ಅದೇ. ಆ ತಿಳಿವಳಿಕೆ ಅರಬಿಗೆ ಬಂತು. ಇಬ್ನ್ ಸೀನಾ (980-1037) ತನ್ನ 'ಅಲ್ ಕಾನೂನ್' ಗ್ರಂಥದಲ್ಲಿ ಸೂರಂಜಾನನ್ನು ಕೀಲುನೋವಿನ ಮದ್ದೆಂದು ಬರೆದ. 12ನೇ ಶತಮಾನದಲ್ಲಿ ಆ ಗ್ರಂಥ ಸ್ಪೇನಿನ ಟೊಲೆಡೊದಲ್ಲಿ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವೈದ್ಯರ ಕೈ ಸೇರಿತು.

ಗಡ್ಡೆಯ ಗುಣ ಹಕೀಮರಿಗೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಲೆಟಿಯೆ ಮತ್ತು ಕವಾಂಟು ಇದೇ ಜಾತಿಯ ಗಿಡದಿಂದ ಅದರ ಸಾರವನ್ನು ಬೇರ್ಪಡಿಸಿದರು. ಮುಂದೆ ಅದಕ್ಕೆ ಕಾಲ್ಚಿಸಿನ್ ಎಂಬ ಹೆಸರಾಯಿತು. 1930ರ ದಶಕದಲ್ಲಿ ಬ್ರಸೆಲ್ಸ್‌ನ ಡುಸ್ಟಿನ್ ಒಂದು ವಿಚಿತ್ರವನ್ನು ವಿವರಿಸಿದರು: ಇದು ತಾಗಿದ ಜೀವಕೋಶ ಒಡೆದು ಎರಡಾಗಲು ಹೊರಟು ನಡುವೆಯೇ ನಿಂತುಬಿಡುತ್ತದೆ.

ಏಕೆ? 1967ರಲ್ಲಿ ಷಿಕಾಗೋದ ಬೋರಿಸಿ ಮತ್ತು ಟೇಲರ್ ಉತ್ತರ ಕಂಡರು. ಕಾಲ್ಚಿಸಿನ್ ಹೋಗಿ ಅಂಟಿಕೊಳ್ಳುವುದು ಒಂದು ಪ್ರೋಟೀನಿಗೆ. ಮರುವರ್ಷ ಜಪಾನಿನ ಮೋರಿ ಅದನ್ನು ಟ್ಯೂಬ್ಯುಲಿನ್ ಎಂದು ಕರೆದರು. ಈ ಪ್ರೋಟೀನ್ ಇಟ್ಟಿಗೆಯಂತೆ ಒಂದರ ಮೇಲೊಂದು ಕೂಡಿ ಸೂಕ್ಷ್ಮ ನಳಿಕೆಗಳಾಗುತ್ತದೆ; ಜೀವಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವುದು ಆ ನಳಿಕೆಗಳೇ. ಕಾಲ್ಚಿಸಿನ್ ಅಂಟಿದ ಇಟ್ಟಿಗೆಯಿಂದ ನಳಿಕೆ ಬೆಳೆಯದು. ಗೌಟ್‌ನಲ್ಲಿ ಕೀಲಿಗೆ ಮುತ್ತಿಗೆ ಹಾಕುವ ಬಿಳಿ ರಕ್ತಕಣಗಳ ಓಡಾಟವೂ ಹೀಗೆಯೇ ತಗ್ಗುತ್ತದೆ.

ನಮ್ಮ ಅಂಗಳದ ನಿತ್ಯಪುಷ್ಪದಿಂದ 1958ರಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಬೇರ್ಪಡಿಸಿದ ವಿನ್‌ಬ್ಲಾಸ್ಟಿನ್ ಕೂಡ ಟ್ಯೂಬ್ಯುಲಿನ್ ಮೇಲೆಯೇ ಕೆಲಸ ಮಾಡುತ್ತದೆ. ಅದು ಕ್ಯಾನ್ಸರಿನ ಮದ್ದಾಯಿತು. ಕಾಲ್ಚಿಸಿನ್ ಆ ಕೆಲಸಕ್ಕೆ ತೀರಾ ವಿಷಕಾರಿ. ಆದರೆ 2023ರಲ್ಲಿ ಅಮೆರಿಕ ಅದರ 0.5 ಮಿಲಿಗ್ರಾಂ ಗುಳಿಗೆಯನ್ನು ಹೃದಯಾಘಾತ ತಡೆಯಲು ಒಪ್ಪಿತು.

ಮದ್ದಿಗೂ ವಿಷಕ್ಕೂ ಇಲ್ಲಿ ಕೂದಲೆಳೆಯ ಅಂತರ. ಹಕೀಮರದೆಂಬ ಅಭಿಮಾನದಿಂದ ಗಡ್ಡೆ ಅರೆದು ಕುಡಿದರೆ ಪ್ರಾಣಕ್ಕೇ ಸಂಚಕಾರ. ಗ್ರೀಕರು ಕಂಡದ್ದನ್ನು ಅರಬರು ಉಳಿಸಿದರು, ಪ್ಯಾರಿಸ್ ಸೋಸಿತು, ಷಿಕಾಗೋ ಬಿಡಿಸಿ ಹೇಳಿತು. ಈ ಸಾಲಿನಲ್ಲಿ ನಮ್ಮವರಿದ್ದರು ಎಂಬುದು ಸಂತೋಷವೇ. ಅವರು ಪರರ ಅರಿವನ್ನು ಸಂಕೋಚವಿಲ್ಲದೆ ಪಡೆದರು ಎಂಬುದನ್ನು ನಾವು ಮರೆಯದಿದ್ದರೆ ಆ ಸಂತೋಷಕ್ಕೆ ಅರ್ಥವಿದೆ.